‘ಆದರೂ’ ಇದ್ದಲ್ಲಿ ‘ಆದರೆ’ ಬೇಡ

ಕೇಳುಗರೇ, ನಮಸ್ಕಾರ. ಹೋದ ವಾರ ಅಣ್ಣನ ಮಗಳು ಕೆಲಸಕ್ಕೊಂದು ಅರ್ಜಿ ಬರೆದು ತಂದು, "ಚಿಕ್ಕಪ್ಪ, ಇಂಗ್ಲಿಷ್ ಸರಿ ಇದೆಯಾ ನೋಡಿ" ಅಂದಳು. ಮೊದಲ ಸಾಲೇ ಹೀಗಿತ್ತು: ‘ಆಲ್ದೋ ಐ ಆಮ್ ಎ ಫ್ರೆಷರ್, ಬಟ್ ಐ ಲರ್ನ್ ಫಾಸ್ಟ್.’ ಸ್ಪೆಲ್ಲಿಂಗ್ ಎಲ್ಲ ಸರಿ. ವಾಕ್ಯ ಮಾತ್ರ ತಪ್ಪು.

"ಇದನ್ನೇ ಕನ್ನಡದಲ್ಲಿ ಹೇಳು" ಅಂದೆ. "ನಾನು ಹೊಸಬಳಾದರೂ ಬೇಗ ಕಲಿಯುತ್ತೇನೆ" ಅಂದಳು. ನೋಡಿ, ‘ಹೊಸಬಳಾದರೂ ಆದರೆ ಬೇಗ ಕಲಿಯುತ್ತೇನೆ’ ಅಂತ ಅವಳು ಹೇಳಲಿಲ್ಲ. ಯಾರೂ ಹೇಳಲ್ಲ ಅಲ್ವಾ? ಆ ‘ಆದರೂ’ ಒಂದೇ ಎರಡೂ ಮಾತನ್ನು ಹಿಡಿದುಕೊಂಡಿದೆ. ಇಂಗ್ಲಿಷಿನಲ್ಲೂ ಅಷ್ಟೇ. ಆಲ್ದೋ ಇದ್ದರೆ ಬಟ್ ಬೇಡ. ಬಿಕಾಸ್ ಅಂತ ಶುರು ಮಾಡಿದರೆ ನಡುವೆ ಸೋ ಬೇಡ.

ವ್ಯತ್ಯಾಸ ಇರುವುದು ಕೊಂಡಿ ಕೂರುವ ಜಾಗದಲ್ಲಿ. ನಮ್ಮಲ್ಲಿ ಅದು ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ: ಬಂದರೆ, ಬಂದರೂ, ಬಂದಾಗ. ಇಂಗ್ಲಿಷಿನಲ್ಲಿ ಇಫ್, ಆಲ್ದೋ, ವೆನ್ ಮೊದಲೇ ಬಂದು ಕೂರುತ್ತವೆ. ಹಾಗಾಗಿ ಈ ಮಾತನ್ನು ಎಲ್ಲಿಗೆ ಮುಟ್ಟಿಸಬೇಕು ಅಂತ ಬರೆಯುವ ಮುಂಚೆಯೇ ಗೊತ್ತಿರಬೇಕು, ಇಲ್ಲದಿದ್ದರೆ ಅರ್ಧಕ್ಕೆ ಬಂದಾಗ ಮೊದಲು ಹಾಕಿದ ಕೊಂಡಿ ಮರೆತು ಇನ್ನೊಂದು ಹಾಕಿಬಿಡುತ್ತೇವೆ. ‘ಎದ್ದು, ಸ್ನಾನ ಮಾಡಿ, ತಿಂಡಿ ತಿಂದು ಬಸ್ಸು ಹತ್ತಿದೆ’ ಅನ್ನುವುದರಲ್ಲಿ 4 ಕೆಲಸ ಇವೆ, ‘ಮತ್ತು’ ಒಂದೂ ಇಲ್ಲ. ಇದನ್ನೇ ಇಂಗ್ಲಿಷಿಗೆ ತರುವಾಗ ಮಕ್ಕಳು ಪ್ರತಿ ಕೆಲಸಕ್ಕೂ ಒಂದು ಆಂಡ್ ಹಾಕುತ್ತಾರೆ. ಕಾಮಾ ಹಾಕುತ್ತಾ ಹೋಗಿ, ಕೊನೆಯದಕ್ಕೆ ಮೊದಲು ಒಂದು ಆಂಡ್ ಇಟ್ಟರೆ ಸಾಕು.

ಇನ್ನು ಹೌಎವರ್. ಅರ್ಥದಲ್ಲಿ ಬಟ್‌ನ ಹಾಗೇ ಕಾಣುತ್ತದೆ, ಆದರೆ ಅದರ ಕೆಲಸ ಬೇರೆ. ಆಂಡ್, ಬಟ್, ಆರ್, ಸೋ, ಯೆಟ್, ನಾರ್, ಫಾರ್, ಈ 7 ಪದಗಳು ಒಂದು ಕಾಮಾ ಜೊತೆ ಎರಡು ಪೂರ್ಣ ವಾಕ್ಯಗಳನ್ನು ಕಟ್ಟಬಲ್ಲವು. ಹೌಎವರ್‌ಗೆ ಆ ಶಕ್ತಿ ಇಲ್ಲ. ಅದರ ಹಿಂದೆ ಫುಲ್‌ಸ್ಟಾಪೋ ಸೆಮಿಕೋಲನ್ನೋ ಬೇಕು, ಮುಂದೆ ಕಾಮಾ ಬೇಕು. ದೇರ್‌ಫೋರ್ ಕೂಡ ಹೀಗೇ.

ಮೋರೋವರ್, ಫರ್ದರ್‌ಮೋರ್ ಅಂತ ಪ್ರತಿ ಪ್ಯಾರಾಕ್ಕೂ ಸುಮ್ನೆ ಅಂಟಿಸುವುದು ನನಗೆ ಇಷ್ಟವಿಲ್ಲ. ಹೊಸ ಮಾತು ಹಿಂದಿನದಕ್ಕೆ ನಿಜವಾಗಿ ಬಲ ಕೊಡುತ್ತಿದ್ದರೆ ಹಾಕಿ. ಅವಳ ಅರ್ಜಿಯಲ್ಲಿ ಅಂಥವು 3 ಇದ್ದವು. ಒಂದೊಂದನ್ನೇ ಬೆರಳಿನಿಂದ ಮುಚ್ಚಿ ಜೋರಾಗಿ ಓದಿಸಿದೆ. ಎರಡನ್ನು ಅವಳೇ ಹೊಡೆದುಹಾಕಿದಳು. ಒಂದನ್ನು, "ಇದು ಬೇಕು ಚಿಕ್ಕಪ್ಪ" ಅಂತ ಉಳಿಸಿಕೊಂಡಳು.