ಗುಡ್ಡ ಹತ್ತಿದ ಊರು: ವಾಲ್ಮೈಯರ್‌ನ ನೆರೆಗಳ ಕಥೆ

ಎಲ್ಲರಿಗೂ ನಮಸ್ಕಾರ.

ಸೇಂಟ್ ಲೂಯಿಸ್‌ನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಮಿಸಿಸಿಪ್ಪಿ ಅಂದರೆ ಸೇತುವೆ ಮೇಲಿಂದ ನೋಡುವ ನದಿ. ದಂಡೆಯ ಮೇಲಿನ ಗೇಟ್‌ವೇ ಆರ್ಚ್ ಎಂಬ ದೊಡ್ಡ ಕಮಾನಿನ ಹತ್ತಿರ ನೆಂಟರನ್ನು ನಿಲ್ಲಿಸಿ ಫೋಟೋ ತೆಗೆಯುತ್ತೇವೆ, ಹಿಂದೆ ಹೊಳೆ ಸುಮ್ಮನೆ ಹರಿಯುತ್ತಿರುತ್ತದೆ. ಇದೇ ಹೊಳೆಯ ಪಕ್ಕದಲ್ಲಿ, ಇಲ್ಲಿಂದ ಸುಮಾರು ಮೂವತ್ತು ಮೈಲಿ ದಕ್ಷಿಣಕ್ಕೆ, ಇಲಿನಾಯ್ ಕಡೆ ಒಂದು ಪುಟ್ಟ ಊರಿದೆ. ವಾಲ್ಮೈಯರ್. ಆ ಊರಿನ ಕಥೆಯನ್ನು ಇವತ್ತು ನಿಮ್ಮ ಮುಂದೆ ಇಡಬೇಕು ಅಂತ ಬಂದಿದ್ದೇನೆ.

ಮೊದಲು ಜಾಗ ಹೇಗಿದೆ ಹೇಳುತ್ತೇನೆ. ಪಶ್ಚಿಮಕ್ಕೆ ನದಿ. ಪೂರ್ವಕ್ಕೆ ಗೋಡೆಯ ಹಾಗೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡ. ನಡುವೆ ಕೆಲವೇ ಮೈಲಿ ಅಗಲದ ಸಪಾಟು ನೆಲ. ಇದಕ್ಕೆ ಅಮೆರಿಕನ್ ಬಾಟಮ್ ಅನ್ನುತ್ತಾರೆ. ಸಾವಿರಾರು ವರ್ಷ ನದಿ ತಂದು ಹಾಕಿದ ಮೆಕ್ಕಲು ಮಣ್ಣು, ಬಿತ್ತಿದ್ದೆಲ್ಲ ಬೆಳೆಯುವ ನೆಲ. ಮೆಕ್ಕೆಜೋಳ, ಸೋಯಾ ಕಣ್ಣು ಹಾಯಿಸಿದಷ್ಟು ದೂರ. ಜನ ಅಲ್ಲಿ ಯಾಕೆ ಮನೆ ಕಟ್ಟಿದರು ಅಂತ ಕೇಳಬೇಕಾಗಿಲ್ಲ. ಆ ಮಣ್ಣನ್ನು ಕೊಟ್ಟಿದ್ದೂ ನೆರೆಯೇ ಅಲ್ವಾ?

ಕೊಟ್ಟ ನದಿ ಕಿತ್ತುಕೊಳ್ಳುತ್ತದೆ ಅನ್ನುವುದೂ ಆ ಸೀಮೆಯವರಿಗೆ ಗೊತ್ತಿತ್ತು. ಇನ್ನೂ ದಕ್ಷಿಣಕ್ಕೆ ಕಸ್ಕಾಸ್ಕಿಯಾ ಎಂಬ ಊರಿತ್ತು, ಇಲಿನಾಯ್ ರಾಜ್ಯದ ಮೊದಲ ರಾಜಧಾನಿ. 1881ರಲ್ಲಿ ಮಿಸಿಸಿಪ್ಪಿ ತನ್ನ ಪಾತ್ರವನ್ನೇ ಬದಲಿಸಿ ಆ ಊರನ್ನು ನುಂಗಿತು. ಇವತ್ತು ಕಸ್ಕಾಸ್ಕಿಯಾ ಲೆಕ್ಕಕ್ಕೆ ಇಲಿನಾಯ್‌ನದು, ಆದರೆ ನದಿಯ ಪಶ್ಚಿಮ ದಂಡೆಗೆ ಸೇರಿಕೊಂಡಿದೆ.

ವಾಲ್ಮೈಯರ್ ಊರಾಗಿದ್ದು 1909ರಲ್ಲಿ. 1943, 1944, 1947ರಲ್ಲಿ ನೆರೆ ಬಂತು. ಐದು ವರ್ಷದಲ್ಲಿ ಮೂರು ಸಲ! ಒಂದು ಸಲ ಮನೆಯೊಳಗಿನ ಗೋಡು ಬಳಿದು ಹಾಕಿ, ಹಾಸಿಗೆ ಒಣಗಿಸಿ, ಸುಣ್ಣ ಹೊಡೆಯುವಷ್ಟರಲ್ಲಿ ಮತ್ತೊಂದು. ಆಮೇಲೆ ಸೇನೆಯ ಇಂಜಿನಿಯರುಗಳು ನದಿಯ ಏರಿಯನ್ನು ಎತ್ತರಿಸಿದರು. ನಮ್ಮ ಕೆರೆ ಏರಿ ನೆನೆಸಿಕೊಳ್ಳಿ, ಆದರೆ ಮೈಲಿಗಟ್ಟಲೆ ಉದ್ದದ್ದು.

ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಲ ಅಲ್ಲಿಂದ ಮುಂದಿನದು. ನಲವತ್ತಾರು ವರ್ಷ ಊರೊಳಗೆ ಹೊಳೆ ಬರಲಿಲ್ಲ. 1973ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನೀರು 43.23 ಅಡಿಗೆ ಏರಿದಾಗಲೂ ಊರು ಉಳಿಯಿತು. ನೆರೆ ಕಂಡವರು ಮುದುಕರಾದರು. ಅವರ ಮಕ್ಕಳು, ಮೊಮ್ಮಕ್ಕಳು ಏರಿಯನ್ನು ಗುಡ್ಡದಷ್ಟೇ ಗಟ್ಟಿ ಅಂದುಕೊಂಡು ಬೆಳೆದರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ನಾವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆವು.

1993. ಆ ಬೇಸಿಗೆಯಲ್ಲಿ ಮೇಲಿನ ರಾಜ್ಯಗಳಲ್ಲಿ ಮಳೆ ನಿಲ್ಲಲೇ ಇಲ್ಲ. ಅಯೋವಾ, ಮಿನ್ನೆಸೋಟಾ, ಮಿಸೌರಿ, ಎಲ್ಲ ಕಡೆಯ ನೀರೂ ಮಿಸಿಸಿಪ್ಪಿ, ಮಿಸೌರಿ ಎರಡೂ ನದಿಗಳಿಗೆ ಬಂತು. ಸೇಂಟ್ ಲೂಯಿಸ್‌ನಲ್ಲಿ 30 ಅಡಿ ದಾಟಿದರೆ ನೆರೆ ಅಂತ ಲೆಕ್ಕ. ಆಗಸ್ಟ್ 1ರಂದು ನೀರು 49.58 ಅಡಿ ಮುಟ್ಟಿತು. ಇವತ್ತಿಗೂ ಅದೇ ದಾಖಲೆ. ನಗರಕ್ಕೆ 52 ಅಡಿಯ ನೀರನ್ನು ತಡೆಯುವ ಗೋಡೆ ಇತ್ತು. ಹಳ್ಳಿಗಳಿಗೆ ಮಣ್ಣಿನ ಏರಿ ಮಾತ್ರ.

ಏರಿ ಒಡೆಯುವುದು ಅಂದರೆ ನೀರು ಮೇಲಿಂದ ಉಕ್ಕಿ ಬರುವುದು ಅಂತ ನಾನೂ ತಿಳಿದಿದ್ದೆ. ಅಷ್ಟೇ ಅಲ್ಲ. ವಾರಗಟ್ಟಲೆ ನೀರು ಒತ್ತಿ ನಿಂತರೆ ಅದು ಏರಿಯ ಅಡಿಯ ಮರಳಿನಲ್ಲಿ ಇಳಿದು ಆಚೆ ಬದಿಯ ಹೊಲದಲ್ಲಿ ಬುಗ್ಗೆಯಾಗಿ ಏಳುತ್ತದೆ. ತಿಳಿನೀರು ಬಂದರೆ ಪರವಾಗಿಲ್ಲ. ನೀರಿನ ಜೊತೆ ಮರಳು ಬಂತೋ, ಏರಿ ಒಳಗೊಳಗೇ ಟೊಳ್ಳಾಗುತ್ತಿದೆ ಅಂತ ಅರ್ಥ. ಹಾಗಂತ ಬುಗ್ಗೆಯನ್ನು ಮುಚ್ಚುವ ಹಾಗಿಲ್ಲ, ಮುಚ್ಚಿದರೆ ಪಕ್ಕದಲ್ಲಿ ಏಳುತ್ತದೆ. ಅದಕ್ಕೆ ಸುತ್ತಲೂ ಬಾವಿಕಟ್ಟೆಯ ಹಾಗೆ ಮರಳು ಚೀಲ ಪೇರಿಸುತ್ತಾರೆ. ಒಳಗೆ ನೀರು ನಿಂತು, ಅದರ ಭಾರಕ್ಕೆ ಬುಗ್ಗೆಯ ವೇಗ ತಗ್ಗುತ್ತದೆ. ಮರಳು ನಿಂತು ತಿಳಿನೀರು ಬರುವ ತನಕ ಚೀಲ ಏರಿಸುತ್ತಲೇ ಹೋಗಬೇಕು. ಹಗಲು ರಾತ್ರಿ ಏರಿ ಉದ್ದಕ್ಕೂ ನಡೆದು ನೋಡುವುದು ಇದನ್ನೇ.

ಇಷ್ಟೆಲ್ಲ ಕಾದರೂ ನೀರು ಬಂದ ದಾರಿಯೇ ಬೇರೆ. ಉತ್ತರಕ್ಕಿದ್ದ ಕೊಲಂಬಿಯಾ ಎಂಬ ಊರಿನ ಏರಿ ಒಡೆಯಿತು. ಆ ನೀರು ನದಿಗೆ ಮರಳದೆ, ಏರಿಗೂ ಗುಡ್ಡಕ್ಕೂ ನಡುವಿನ ಬಯಲಲ್ಲೇ ದಕ್ಷಿಣಕ್ಕೆ ನುಗ್ಗಿತು. ನಡುವಿನ ಹಳ್ಳದ ಏರಿಯನ್ನೂ ದಾಟಿ ವಾಲ್ಮೈಯರ್‌ಗೆ ಹಿತ್ತಲ ಬಾಗಿಲಿನಿಂದ ಬಂತು. ಜನ ಆಗಲೇ ಊರು ಖಾಲಿ ಮಾಡಿದ್ದರು. ಇನ್ನೂ ಕೆಳಗಿದ್ದ ಪ್ರೇರಿ ಡು ರೋಷೆ ಎಂಬ ಹಳೆಯ ಫ್ರೆಂಚ್ ಊರನ್ನು ಉಳಿಸಲು ಏರಿಯನ್ನು ಬೇಕಂತಲೇ ಒಡೆದು ನೀರಿಗೆ ನದಿಯ ದಾರಿ ಕೊಟ್ಟರು. ಆ ಊರು ಉಳಿಯಿತು.

ವಾಲ್ಮೈಯರ್‌ನಲ್ಲಿ ಹತ್ತರಲ್ಲಿ ಒಂಬತ್ತು ಕಟ್ಟಡಗಳು ಕೆಟ್ಟವು. ಜನ ಬಂದು ಗೋಡು ತೆಗೆಯುತ್ತಿರುವಾಗಲೇ ಸೆಪ್ಟೆಂಬರಿನಲ್ಲಿ ಮತ್ತೆ ನೀರು. ನನಗೆ ಅನ್ನಿಸುವುದು, ಮೊದಲ ನೆರೆ ಮನೆಗಳನ್ನು ಹಾಳು ಮಾಡಿತು, ಎರಡನೆಯದು ಆಸೆಯನ್ನು.

ಆಗ ಊರಿನಲ್ಲಿದ್ದವರು ಸುಮಾರು ಒಂಬೈನೂರು ಜನ. ಅರ್ಧಕ್ಕಿಂತ ಜಾಸ್ತಿ ಹಾಳಾದ ಮನೆಯನ್ನು ಅಲ್ಲೇ ಕಟ್ಟಬೇಕಾದರೆ ನೆರೆಮಟ್ಟಕ್ಕಿಂತ ಮೇಲಕ್ಕೆ ಎತ್ತಿ ಕಟ್ಟಬೇಕು ಅಂತ ಕಾನೂನು. ಅಷ್ಟು ಎತ್ತರದ ಮನೆಗೆ ಅಜ್ಜಿ ತಾತ ಹತ್ತುವುದು ಹೇಗೆ? ಒಬ್ಬೊಬ್ಬರೇ ಪರಿಹಾರ ತೆಗೆದುಕೊಂಡು ಹೋಗಿದ್ದರೆ ಊರು ಚೆದುರಿಹೋಗುತ್ತಿತ್ತು. ಮೇಯರ್ ಡೆನಿಸ್ ಕ್ನೋಬ್ಲಾಕ್ ಮತ್ತು ಊರಿನವರು ಕೂತು ಮಾತಾಡಿ, ಮತ ಹಾಕಿ, ಊರಿಗೆ ಊರೇ ಗುಡ್ಡ ಹತ್ತುವುದು ಅಂತ ತೀರ್ಮಾನಿಸಿದರು. ಎರಡು ಮೈಲಿ ದೂರ, ಸುಮಾರು ನಾನೂರು ಅಡಿ ಎತ್ತರದಲ್ಲಿ ಐನೂರು ಎಕರೆ ಹೊಲ. ರಸ್ತೆ, ಚರಂಡಿ, ಶಾಲೆ, ಚರ್ಚು, ಎಲ್ಲಕ್ಕೂ ಊರಿನವರೇ ಸಮಿತಿ ಮಾಡಿಕೊಂಡು ನಕ್ಷೆಗಳ ಮುಂದೆ ಕೂತರು. ಖರ್ಚಿನ ಬಹುಪಾಲು ಸರ್ಕಾರದ್ದು. ಆದರೂ ಕಾಯುವುದು ತಪ್ಪಲಿಲ್ಲ. ಎರಡು ಚಳಿಗಾಲ ತಾತ್ಕಾಲಿಕ ಮನೆಗಳಲ್ಲಿ ಕಳೆದು 1995ರಲ್ಲಿ ಮೊದಲ ಕುಟುಂಬಗಳು ಮೇಲೆ ಬಂದವು. ಕಾಯಲಾಗದೆ ಕೆಲವರು ಬೇರೆ ಕಡೆ ಹೋದರು.

2020ರ ಗಣತಿಯಲ್ಲಿ ಅಲ್ಲಿದ್ದವರು 1,233 ಜನ. ಹಳೆಯದಕ್ಕಿಂತ ಜಾಸ್ತಿ. ಇದು ದೊಡ್ಡ ಗೆಲುವು, ಅನುಮಾನವಿಲ್ಲ. ಆದರೆ ಹೊಸ ಊರಿನ ಮನೆಗಳು ದೂರ ದೂರ, ರಸ್ತೆಗಳು ಅಗಲ. ಜಗಲಿಯಿಂದ ಜಗಲಿಗೆ ಮಾತಾಡುವಷ್ಟು ಹತ್ತಿರ ಯಾರೂ ಇಲ್ಲ. ಆ ನಷ್ಟಕ್ಕೆ ಯಾವ ಸರ್ಕಾರದ ಹತ್ತಿರವೂ ಪರಿಹಾರ ಇರಲಿಲ್ಲ.

ನೀವು ಒಂದು ಭಾನುವಾರ ಹೋಗಿ ನೋಡಿ. 156ನೇ ರಸ್ತೆಯಲ್ಲಿ ಮೊದಲು ಕೆಳಗಿನ ಹಳೆಯ ಊರಿಗೆ ಇಳಿಯಿರಿ. ಹೋಗಲೊಪ್ಪದ ಕೆಲವು ಮನೆಯವರು ಇನ್ನೂ ಅಲ್ಲಿದ್ದಾರೆ. ಸರ್ಕಾರ ಕೊಂಡ ಜಾಗದಲ್ಲಿ ಇನ್ನು ಯಾರೂ ಮನೆ ಕಟ್ಟುವಂತಿಲ್ಲ. ಬೀದಿಗಳು ಹಾಗೇ ಇವೆ, ಅವುಗಳ ನಡುವೆ ಬರೀ ಹುಲ್ಲು. ನಾನು ಹೋದಾಗ ಹುಲ್ಲಿನೊಳಗೆ ಕಾಂಕ್ರೀಟಿನ ಎರಡು ಮೆಟ್ಟಿಲು ಕಂಡವು. ಹಿಂದೆ ಬಾಗಿಲಿಲ್ಲ, ಗೋಡೆಯಿಲ್ಲ. ಹತ್ತಿ ನಿಂತೆ. ಅಲ್ಲಿಂದ ಗುಡ್ಡ ಚೆನ್ನಾಗಿ ಕಾಣುತ್ತದೆ.