ಗ್ಯಾರೇಜ್ ಮಣ್ಣು, ಕರಗಿದ ಪ್ಲೇಟು

ಹಾಸನದ ಬಿ.ಎಂ. ರಸ್ತೆ ಪಕ್ಕದ ಗ್ಯಾರೇಜ್ ಇದು. ನೆಲ ನೋಡಿ, ವರ್ಷಗಟ್ಟಲೆ ಡೀಸೆಲ್, ಆಯಿಲ್ ಕುಡಿದು ಕಪ್ಪಾಗಿದೆ. ಪೇಂಟ್ ಥಿನ್ನರ್‌ನಂಥದ್ದರಲ್ಲೂ ಬದುಕುವ ಬ್ಯಾಕ್ಟೀರಿಯಾ ಇಲ್ಲಿ ಸಿಗುತ್ತಾ ನೋಡೋಣ ಅಂತ ಒಂದು ಡಬ್ಬಿ ಮಣ್ಣು ಕೇಳಿದೆ. "ಅಂಗಳಾನೇ ಕೆರೆದುಕೊಂಡು ಹೋಗಮ್ಮ" ಅಂದರು ಗ್ಯಾರೇಜಿನ ಅಣ್ಣ.

ಈಗ ಕಾಲೇಜ್ ಲ್ಯಾಬ್. ಬ್ಯಾಕ್ಟೀರಿಯಾ ಬೆಳೆಸುವ ಈ ಸೊಟ್ಟ ಪ್ಲೇಟಿನ ಕಥೆ ಹೇಳಲೇಬೇಕು. ಮಣ್ಣಿನಿಂದ ಬೆಳೆಸಿದ ಬ್ಯಾಕ್ಟೀರಿಯಾ ಮೇಲೆ ಟಾಲ್ಯೂಯಿನ್ ಸುರಿದೆ. ಪೇಂಟ್ ಥಿನ್ನರ್‌ನಲ್ಲಿ ಇರುತ್ತಲ್ಲ, ಅದೇ. ನೋಡನೋಡುತ್ತಲೇ ಪ್ಲೇಟ್ ಮಸುಕಾಯಿತು, ಮೆತ್ತಗಾಯಿತು, ಟ್ರೇಗೆ ಅಂಟಿಕೊಂಡಿತು. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅದು, ಟಾಲ್ಯೂಯಿನ್‌ನಲ್ಲಿ ಕರಗುತ್ತದೆ. ನಾಲ್ಕು ದಿನದ ಕೆಲಸ ಹೋಯಿತು. ಗಾಜಿನದ್ದು ಆರು ಪ್ಲೇಟಿಗೆ 900 ರೂಪಾಯಿ! ತಿಂಗಳ ಕೊನೆಯಲ್ಲಿ ಅದು ಜಾಸ್ತಿನೇ. ತರೋಣ ಅಂದರೆ ಆಟೋ ಸಿಗಲಿಲ್ಲ, ಊರ ತುಂಬ ಹಾಸನಾಂಬೆ ದರ್ಶನದ ಜನ.

ಪ್ಲಾಸ್ಟಿಕ್ಕೇ ತಡೆಯಲಿಲ್ಲ, ಬ್ಯಾಕ್ಟೀರಿಯಾ ಹೇಗೆ ತಡೆಯುತ್ತದೆ? ಟಾಲ್ಯೂಯಿನ್ ಜೀವಕೋಶದ ಕೊಬ್ಬಿನ ಪೊರೆಯೊಳಗೆ ನುಗ್ಗುತ್ತದೆ. ಪೊರೆ ಸಡಿಲವಾಗಿ ಒಳಗಿನದ್ದೆಲ್ಲ ಸೋರುತ್ತದೆ. 0.1% ಇದ್ದರೂ ಸಾಕು, ಹೆಚ್ಚಿನವು ಸಾಯುತ್ತವೆ. ಆದರೆ 1989ರಲ್ಲಿ ಜಪಾನಿನ ಇನೌಯೆ ಮತ್ತು ಹೊರಿಕೋಶಿ 50%ಗಿಂತ ಜಾಸ್ತಿ ಟಾಲ್ಯೂಯಿನ್‌ನಲ್ಲಿ ಬೆಳೆಯುವ ಸೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಕಂಡುಹಿಡಿದರು!

ಅದು ಟಾಲ್ಯೂಯಿನ್ ತಿಂದು ಮುಗಿಸುತ್ತದೆ ಅಂತ ನಾನು ಅಂದುಕೊಂಡಿದ್ದೆ. ತಪ್ಪು. ಸೂಡೋಮೊನಾಸ್‌ನ ಒಂದು ಜಾತಿ ಪುಟಿಡಾ, ಅದರ ಎಸ್12 ಅನ್ನುವ ತಳಿ ಟಾಲ್ಯೂಯಿನ್ ತಿನ್ನುವುದೇ ಇಲ್ಲ, ಆದರೂ ಬದುಕುತ್ತದೆ. ಈ ಪುಟಿಡಾದ ಪೊರೆಯಲ್ಲಿ ಬಾಗಿರುವ ಕೊಬ್ಬಿನ ಸರಪಳಿಗಳಿವೆ. ಟಾಲ್ಯೂಯಿನ್‌ನಂಥ ಸಾಲ್ವೆಂಟ್, ಅಂದರೆ ಕರಗಿಸುವ ದ್ರವ, ತಗುಲಿದ ಕೆಲವೇ ನಿಮಿಷದಲ್ಲಿ ಒಂದು ಕಿಣ್ವ ಅವನ್ನು ನೆಟ್ಟಗೆ ಮಾಡುತ್ತದೆ. ನೆಟ್ಟಗಿನ ಕಡ್ಡಿಗಳು ಒತ್ತೊತ್ತಾಗಿ ಕೂರುತ್ತವೆ ಅಲ್ವಾ, ಹಾಗೆ ಪೊರೆ ಬಿಗಿಯಾಗುತ್ತದೆ.

ಇದೇ ದೊಡ್ಡ ಉಪಾಯ ಅಂತ ನಿನ್ನೆ ತನಕ ವಾದ ಮಾಡುತ್ತಿದ್ದೆ. ಈಗ ನನ್ನ ಓಟು ಪಂಪಿಗೆ. ಪೊರೆಯಲ್ಲೇ ಪ್ರೋಟೀನ್ ಪಂಪುಗಳಿವೆ, ಒಳಗೆ ಬಂದ ಟಾಲ್ಯೂಯಿನ್ನನ್ನು ಹೊರಗೆ ದಬ್ಬುತ್ತಲೇ ಇರುತ್ತವೆ. ಅದಕ್ಕೆ ಶಕ್ತಿ ಖರ್ಚಾಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಇಂಥ ಪಂಪುಗಳಲ್ಲಿ ಕೆಲವು ಆ್ಯಂಟಿಬಯಾಟಿಕ್ಕನ್ನೂ ಹೊರಗೆ ಹಾಕುತ್ತವೆ. ಅದು ಮಾತ್ರ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಮನೆಯಲ್ಲಿ ಇದನ್ನು ಮಾಡಬೇಡಿ. ಹೊಗೆ ಹೀರುವ ಹುಡ್ ಒಳಗೇ ಮಾಡಬೇಕು, ಬೆಂಕಿ ಹತ್ತಿರ ಇರಬಾರದು.

ಕೊನೆಗೂ ತಂದ ಗಾಜಿನ ಪ್ಲೇಟನ್ನು ಬ್ಯಾಕ್ಟೀರಿಯಾ ಬೆಚ್ಚಗಿಡುವ ಪೆಟ್ಟಿಗೆಯೊಳಗಿಟ್ಟೆ, 30 ಡಿಗ್ರಿ. ನಾಳೆ ಬೆಳಗ್ಗೆ ತೆಗೆದು ತೋರಿಸುತ್ತೇನೆ.