ದೊಡ್ಡ ಗಾಳಿಯ ರಾತ್ರಿ ಹುಟ್ಟಿದ ಮುತ್ತಜ್ಜಿ

ನಮಸ್ಕಾರ. ಈಗ ಪರದೆಯ ಮೇಲೆ ನೀವು ನೋಡುತ್ತಿರುವುದು ಡಬ್ಲಿನ್ ನಗರದ ಲಿಫಿ ನದಿ. ಅದರ ಉತ್ತರ ದಂಡೆಯಲ್ಲಿ ಹಸಿರು ಗುಮ್ಮಟ ಹೊತ್ತು ನಿಂತಿರುವ ನ್ಯಾಯಾಲಯಗಳ ಕಟ್ಟಡವೇ ಫೋರ್ ಕೋರ್ಟ್ಸ್. ಐರ್ಲೆಂಡಿನಲ್ಲಿ ತಮ್ಮ ಹಿರಿಯರ ಹೆಜ್ಜೆ ಹುಡುಕುವವರ ಪಾಲಿಗೆ ಇದು ಸೂತಕದ ಜಾಗ. 1922ರ ಜೂನ್ 30ರಂದು, ಅಂತರ್ಯುದ್ಧ ಆಗತಾನೇ ಆರಂಭವಾಗಿದ್ದಾಗ, ಇಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸ್ಫೋಟಕ್ಕೆ ಸಿಕ್ಕಿ ಹೊತ್ತಿ ಉರಿಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಚೂರು ಬಿಟ್ಟರೆ ಉಳಿದುದೆಲ್ಲ ಬೂದಿಯಾಯಿತು. ಮುಂದಿನವು ಬೆಂಕಿಯವರೆಗೂ ಬರಲಿಲ್ಲ. 1861 ಮತ್ತು 1871ರ ಹಾಳೆಗಳನ್ನು ಸರ್ಕಾರವೇ ಕೆಲಸ ಮುಗಿಯಿತೆಂದು ನಾಶಪಡಿಸಿತ್ತು, 1881 ಮತ್ತು 1891ರವು ಮೊದಲನೆಯ ಮಹಾಯುದ್ಧದ ಕಾಗದದ ಅಭಾವದಲ್ಲಿ ರದ್ದಿಯಾಗಿ ತಿರುಳಾಗಿದ್ದವು. ಹೀಗಾಗಿ ಇಡೀ ದೇಶಕ್ಕೆ ಪೂರ್ತಿಯಾಗಿ ಉಳಿದಿರುವ ಅತ್ಯಂತ ಹಳೆಯ ಜನಗಣತಿ 1901ರದು. ಅದಕ್ಕಿಂತ ಹಿಂದೆ ಹೋಗಬೇಕಾದರೆ ಮನೆಯ ಹಿರಿಯರು ಹೇಳಿದ ಕಥೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು.

ನಾನು ಧಾರವಾಡ ಜಿಲ್ಲೆಯವಳು. ನನ್ನ ಪತಿಯ ಮನೆತನ ಐರ್ಲೆಂಡಿನ ಪಶ್ಚಿಮಕ್ಕಿರುವ ಮೇಯೋ ಕೌಂಟಿಯದು. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನೊಡನೆ ನಮ್ಮ ಅಂಗಳಕ್ಕೆ ಬಂದು, ಅಜ್ಜ, ಮುತ್ತಜ್ಜ, ಅವರ ಅಪ್ಪ, ಅವರು ಬಿಟ್ಟು ಬಂದ ಊರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಮೊರದ ತುಂಬ ಜೋಳ ಕಟ್ಟಿಸಿಕೊಂಡು ಹೋಗುತ್ತಿದ್ದರು. ಐರ್ಲೆಂಡಿನಲ್ಲಿಯೂ ಕಥೆ ಮತ್ತು ವಂಶಾವಳಿಯನ್ನು ಬಾಯಲ್ಲಿಟ್ಟುಕೊಂಡಿದ್ದ ಶನಖಿಗಳೆಂಬವರಿದ್ದರು. ನಮ್ಮ ಮನೆಯ ಮಟ್ಟಿಗೆ ಆ ಕೆಲಸ ಮಾಡುವವರು ನನ್ನ ಅತ್ತೆ. ಅವರು ಹೇಳುವ ಕಥೆಗಳಲ್ಲಿ ಎಂದೂ ಬದಲಾಗದ ಒಂದು ವಾಕ್ಯವಿದೆ: ತಮ್ಮ ಮುತ್ತಜ್ಜಿ ದೊಡ್ಡ ಗಾಳಿಯ ರಾತ್ರಿ ಹುಟ್ಟಿದವಳು, ಹೆರಿಗೆಯ ಹೊತ್ತಿಗೆ ಮನೆಯ ಹುಲ್ಲಿನ ಚಾವಣಿ ಹಾರಿಹೋಗಿತ್ತು.

ದೊಡ್ಡ ಗಾಳಿ ಕಟ್ಟುಕಥೆಯಲ್ಲ. 1839ರ ಜನವರಿ 6ರ ರಾತ್ರಿ ಅಟ್ಲಾಂಟಿಕ್ ಸಾಗರದಿಂದ ಎದ್ದ ಚಂಡಮಾರುತ ಇಡೀ ದ್ವೀಪವನ್ನು ಅಲ್ಲಾಡಿಸಿತು. ಅಂದಿನಿಂದ ಜನ ಕಾಲವನ್ನೇ ಆ ರಾತ್ರಿಯ ಹಿಂದೆ, ಮುಂದೆ ಎಂದು ಲೆಕ್ಕ ಹಾಕತೊಡಗಿದರು. ಆದ್ದರಿಂದ ಹುಡುಕಾಟ ಸುಲಭವೆಂದುಕೊಂಡೆ. ಹುಟ್ಟಿದ ದಿನವೇ ಗೊತ್ತಿದ್ದ ಮೇಲೆ ಇನ್ನೇನು ಬೇಕು?

ಮೊದಲು ಎಡವಿದ್ದು ಮುತ್ತಜ್ಜಿಯ ವಿಷಯದಲ್ಲಲ್ಲ, ಆಕೆಯ ಮಗಳ ವಿಷಯದಲ್ಲಿ. ಅತ್ತೆ ತಮ್ಮ ಅಜ್ಜಿಯನ್ನು ಡೆಲಿಯಾ ಎಂದೇ ಹೇಳುತ್ತಾರೆ. ಮನೆತನದ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ, ಮನೆಯವರಿಗೆ ಅದು ಇಷ್ಟವಿಲ್ಲ. ಐರ್ಲೆಂಡಿನಲ್ಲಿ ಎಲ್ಲರ ಜನನ, ಮದುವೆ, ಮರಣಗಳ ನೋಂದಣಿ ಕಡ್ಡಾಯವಾದದ್ದು 1864ರಲ್ಲಿ. ಆ ಪುಸ್ತಕಗಳ ಹಳೆಯ ಪುಟಗಳನ್ನು ಸರ್ಕಾರ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಅಲ್ಲಿ ಡೆಲಿಯಾ ಎಂಬ ಮಗುವೊಂದು ಪಕ್ಕದ ಪ್ಯಾರಿಷ್‌ನಲ್ಲಿ, ಎಂದರೆ ಪಕ್ಕದ ಚರ್ಚಿನ ವ್ಯಾಪ್ತಿಯ ಊರುಗಳಲ್ಲಿ, ಸಿಕ್ಕಿತು. ಎರಡು ತಿಂಗಳು ಆ ಮನೆಯವರ ಹಿಂದೆ ಹೋದೆ, ಅವರ ಮದುವೆ, ಮಕ್ಕಳು, ಸಮಾಧಿಗಳನ್ನೆಲ್ಲ ಬರೆದುಕೊಂಡೆ. ಅವರು ನಮ್ಮವರೇ ಅಲ್ಲ. ಡೆಲಿಯಾ ಎನ್ನುವುದು ಬ್ರಿಜಿಟ್ ಎಂಬ ಹೆಸರಿನ ಇನ್ನೊಂದು ರೂಪ, ನಮ್ಮಲ್ಲಿ ಲಕ್ಷ್ಮವ್ವ ಲಚ್ಚವ್ವ ಆಗುವ ಹಾಗೆ. ನೋಂದಣಿಯಲ್ಲಿ ಬ್ರಿಜಿಟ್, ಮನೆಯಲ್ಲಿ ಬಿಡ್ಡಿ ಅಥವಾ ಡೆಲಿಯಾ, ಚರ್ಚಿನ ಪುಸ್ತಕದ ಲ್ಯಾಟಿನ್‌ನಲ್ಲಿ ಬ್ರಿಗಿಡಾ. ಇದು ಇಲ್ಲಿ ಬೀದಿಯಲ್ಲಿ ಹೋಗುವವರಿಗೂ ಗೊತ್ತಿರುವ ಸಂಗತಿ. ಕೇಳಬೇಕೆಂದು ಹೊಳೆಯದಿದ್ದುದು ನನ್ನ ತಪ್ಪು.

ಬ್ರಿಜಿಟ್ ಎಂದು ಹುಡುಕಿದ ಸಂಜೆಯೇ 1901ರ ಜನಗಣತಿಯಲ್ಲಿ ಇಡೀ ಕುಟುಂಬ ಸಿಕ್ಕಿತು. ಈ ಹಾಳೆಯನ್ನು ನಿಧಾನವಾಗಿ ನೋಡೋಣ. ದಿನಾಂಕ 1901ರ ಮಾರ್ಚ್ 31. ಮೇಲಿನಿಂದ ಕೆಳಕ್ಕೆ ಗಂಡ, ಹೆಂಡತಿ, ಎಂದರೆ ನಮ್ಮ ಮುತ್ತಜ್ಜಿ, ಆಮೇಲೆ ಬ್ರಿಜಿಟ್ ಸೇರಿ ಐದು ಮಕ್ಕಳು. ಪ್ರತಿ ಹೆಸರಿನ ಎದುರು ವಯಸ್ಸು, ಧರ್ಮ, ಉದ್ಯೋಗ, ಓದು ಬರಹ ಬರುತ್ತದೆಯೋ ಇಲ್ಲವೋ ಎಂಬ ವಿವರ. ಗಂಡನಿಗೆ ಬರೆಯಲು ಬರುತ್ತಿರಲಿಲ್ಲ, ಸಹಿಯ ಜಾಗದಲ್ಲಿ ಒಂದು ಅಡ್ಡಗೆರೆಯ ಮೇಲೆ ಇನ್ನೊಂದು ಗೆರೆ ಎಳೆದಿದ್ದಾನೆ. ಎರಡನೆಯ ಗೆರೆಯ ತುದಿಯಲ್ಲಿ ಶಾಯಿ ಹನಿಯಾಗಿ ನಿಂತಿದೆ. ಇದರ ಜೊತೆಯ ಇನ್ನೊಂದು ನಮೂನೆಯಲ್ಲಿ ಪೊಲೀಸರು ಮನೆಯ ಗೋಡೆ, ಚಾವಣಿ, ಕೋಣೆಗಳು, ಮುಂಭಾಗದ ಕಿಟಕಿಗಳನ್ನು ಸಹ ಎಣಿಸಿದ್ದಾರೆ. ಕಲ್ಲಿನ ಗೋಡೆ, ಹುಲ್ಲಿನ ಚಾವಣಿ, ಎರಡು ಕೋಣೆ, ಮುಂದೆ ಎರಡು ಕಿಟಕಿ. ಏಳು ಜನ.

ಕೊನೆಯ ಕಡೆಗೆ ಐರಿಷ್ ಭಾಷೆಗೆಂದೇ ಒಂದು ಕಾಲಂ ಇದೆ. ತಂದೆ ತಾಯಿಯ ಎದುರು "ಐರಿಷ್ ಮತ್ತು ಇಂಗ್ಲಿಷ್" ಎಂದಿದೆ. ಐದು ಮಕ್ಕಳ ಎದುರು ಖಾಲಿ. ಖಾಲಿ ಎಂದರೆ ಇಂಗ್ಲಿಷ್ ಮಾತ್ರ ಎಂದು ಅರ್ಥ. ಒಂದೇ ಒಲೆಯ ಸುತ್ತ ಕುಳಿತಿದ್ದವರ ನಡುವೆ ಒಂದು ಭಾಷೆ ನಿಂತುಹೋದದ್ದು ಆರಂಗುಲದ ಹಾಳೆಯಲ್ಲಿ ಕಾಣುತ್ತದೆ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ಮಾತೃಭಾಷೆಯಲ್ಲಿ ಬರೆಯಿರಿ ಎಂದದ್ದನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಅವರು ಎಂಥ ನಾಡಿನಿಂದ ಬಂದು ಆ ಮಾತು ಹೇಳಿದರು ಎನ್ನುವುದು ನನಗೆ ಈ ಖಾಲಿ ಚೌಕಗಳ ಎದುರು ಅರ್ಥವಾಯಿತು.

ಈಗ ವಯಸ್ಸಿನ ಕಾಲಂಗೆ ಬರೋಣ. ಮುತ್ತಜ್ಜಿಯ ವಯಸ್ಸು 54 ಎಂದಿದೆ. 1839ರ ಜನವರಿಯಲ್ಲಿ ಹುಟ್ಟಿದವಳಿಗೆ 62 ಆಗಿರಬೇಕಿತ್ತು. ಬರೆದವರು ತಪ್ಪಿರಬಹುದೆಂದು 1911ರ ಏಪ್ರಿಲ್ 2ರ ಹಾಳೆಯನ್ನು ತೆರೆದೆ. ಅದೇ ಮನೆ, ಅದೇ ಗಂಡ. ಮದುವೆಯಾಗಿ 43 ವರ್ಷ, ಹುಟ್ಟಿದ ಮಕ್ಕಳು 9, ಬದುಕಿರುವವರು 6. ಈ ಪ್ರಶ್ನೆಯನ್ನು ಆ ವರ್ಷ ಹೊಸದಾಗಿ ಸೇರಿಸಿದ್ದರು. ವಯಸ್ಸಿನ ಜಾಗದಲ್ಲಿ 72. ಹತ್ತು ವರ್ಷಗಳಲ್ಲಿ ಆಕೆಗೆ ಹದಿನೆಂಟು ವರ್ಷ ವಯಸ್ಸಾಗಿತ್ತು.

ಇದಕ್ಕೆ ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. 1908ರಲ್ಲಿ ವೃದ್ಧಾಪ್ಯ ಪಿಂಚಣಿ ಕಾಯ್ದೆ ಬಂತು. 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಸಿಗುತ್ತಿತ್ತು, ಮೊದಲ ಪಾವತಿ 1909ರ ಜನವರಿ 1ರಂದು. ಆದರೆ 70 ತುಂಬಿದ ಯಾರ ಬಳಿಯೂ ಜನನ ಪತ್ರವಿರಲಿಲ್ಲ, ಏಕೆಂದರೆ ನೋಂದಣಿ ಶುರುವಾದದ್ದೇ 1864ರಲ್ಲಿ. ಕೆಲವರು 1841 ಮತ್ತು 1851ರ ಜನಗಣತಿಯಲ್ಲಿ ತಮ್ಮ ಹೆಸರು ಹುಡುಕಿಸಿದರು. ಹಾಗೆ ಹುಡುಕಿಸಿದ ಅರ್ಜಿಗಳು ಉಳಿದುಕೊಂಡು, ಸುಟ್ಟುಹೋದ ಆ ಜನಗಣತಿಗಳ ತುಣುಕುಗಳನ್ನು ಇಂದಿಗೂ ನಮಗೆ ಕೊಡುತ್ತಿವೆ. ಉಳಿದವರಿಗೆ ಇದ್ದ ಸಾಕ್ಷಿ ದೊಡ್ಡ ಗಾಳಿ. ಆ ರಾತ್ರಿ ನೆನಪಿದೆ ಎಂದರೆ, ಆ ರಾತ್ರಿ ಹುಟ್ಟಿದೆ ಎಂದರೆ, ವಯಸ್ಸು ಸಿದ್ಧವಾದಂತೆ. ಲೆಕ್ಕ ಹಾಕಿ ನೋಡಿ: 1839ರ ಜನವರಿ 6ರಂದು ಹುಟ್ಟಿದವರಿಗೆ 1909ರ ಜನವರಿ 6ಕ್ಕೆ, ಎಂದರೆ ಪಿಂಚಣಿ ಶುರುವಾದ ಮೊದಲ ವಾರದಲ್ಲೇ, ಸರಿಯಾಗಿ 70 ತುಂಬುತ್ತದೆ. ಮುತ್ತಜ್ಜಿಗೆ ಓದಲು ಬರುತ್ತಿರಲಿಲ್ಲ, ಲೆಕ್ಕ ಮಾತ್ರ ಚೆನ್ನಾಗಿ ಬರುತ್ತಿತ್ತು.

ಹಾಗಾದರೆ ಹುಟ್ಟಿದ್ದು ಯಾವಾಗ? 1868ರ ಮದುವೆಯ ನೋಂದಣಿಯಲ್ಲಿ ವಯಸ್ಸಿನ ಬದಲು "ಪೂರ್ಣ ವಯಸ್ಕೆ" ಎಂದಷ್ಟೇ ಇದೆ, ಆದರೆ ಆಕೆಯ ತಂದೆಯ ಹೆಸರಿದೆ, ಟೌನ್‌ಲ್ಯಾಂಡ್ ಇದೆ. ಟೌನ್‌ಲ್ಯಾಂಡ್ ಎಂದರೆ ಇಲ್ಲಿನ ಭೂಮಿಯ ಅತ್ಯಂತ ಚಿಕ್ಕ ವಿಭಾಗ. ಹತ್ತಿಪ್ಪತ್ತು ಮನೆಗಳಿರುವ, ಕೆಲವೆಡೆ ಮನೆಯೇ ಇಲ್ಲದ, ಹೆಸರುಳ್ಳ ನೆಲ. ಅದೊಂದು ಗೊತ್ತಾದರೆ ಗ್ರಿಫಿತ್ ಅವರ ಮೌಲ್ಯಮಾಪನದ ಪುಸ್ತಕ ತೆರೆದುಕೊಳ್ಳುತ್ತದೆ. 1847ರಿಂದ 1864ರವರೆಗೆ ರಿಚರ್ಡ್ ಗ್ರಿಫಿತ್ ಅವರ ಉಸ್ತುವಾರಿಯಲ್ಲಿ ತೆರಿಗೆಗಾಗಿ ನಡೆದ ಈ ಸಮೀಕ್ಷೆಯನ್ನು ನಮ್ಮ ಪಹಣಿಯಂತೆ ಓದಬಹುದು: ಉಳುವವನು ಯಾರು, ಯಾರಿಂದ ಗೇಣಿಗೆ ಪಡೆದಿದ್ದಾನೆ, ನೆಲವೆಷ್ಟು, ಬೆಲೆಯೆಷ್ಟು. ತಂದೆ ಅಲ್ಲಿದ್ದಾನೆ, ನಕ್ಷೆಯಲ್ಲಿ ಅವನ ತುಂಡು ನೆಲವೂ ಇದೆ. ನಾಯಿಗಳ ಪರವಾನಗಿ ಪುಸ್ತಕವೂ ಇಲ್ಲಿ 1866ರಿಂದ ಉಂಟು. ನಾಯಿಯ ಬಣ್ಣದ ಸಮೇತ ಯಜಮಾನನ ಊರು ಬರೆದಿರುತ್ತಾರೆ. ಮನುಷ್ಯರ ಲೆಕ್ಕವನ್ನು ಸುಟ್ಟು, ನಾಯಿಗಳ ಲೆಕ್ಕವನ್ನು ಉಳಿಸಿಕೊಂಡ ದೇಶವೆಂದು ನನ್ನ ಪತಿ ನಗುತ್ತಾರೆ.

ಕೊನೆಗೆ ಉಳಿದದ್ದು ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳು, ಎಂದರೆ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟಾಗ ಪಾದ್ರಿ ಬರೆದಿಡುತ್ತಿದ್ದ ಪುಸ್ತಕಗಳು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಅವುಗಳ ಮೈಕ್ರೋಫಿಲ್ಮ್‌ಗಳನ್ನು ಎಲ್ಲರಿಗೂ ತೆರೆಯಿತು. ಪಾದ್ರಿಯ ಕೈಬರಹ ಓರೆಯಾಗಿದೆ, ಅಂಚಿನಲ್ಲಿ ತೇವದ ಕಲೆಯಿದೆ, ಅರ್ಧ ಪುಟ ಬೂದು ಬಣ್ಣಕ್ಕೆ ತಿರುಗಿದೆ. 1839ರಲ್ಲಿ ಇಲ್ಲ, 1840ರಲ್ಲಿ ಇಲ್ಲ. 1846ರ ಫೆಬ್ರವರಿಯಲ್ಲಿ ಇದ್ದಾಳೆ: ತಂದೆ, ತಾಯಿಯ ತವರಿನ ಹೆಸರು, ಟೌನ್‌ಲ್ಯಾಂಡ್, ಇಬ್ಬರು ಧರ್ಮಪೋಷಕರು. ಬಡವರ ಹೊಟ್ಟೆ ತುಂಬಿಸುತ್ತಿದ್ದ ಆಲೂಗಡ್ಡೆಗೆ ಕೊಳೆರೋಗ ಮೊದಲ ಸಲ ಬಿದ್ದು ದೊಡ್ಡ ಬರಗಾಲಕ್ಕೆ ದಾರಿಯಾದದ್ದು 1845ರ ಶರತ್ಕಾಲದಲ್ಲಿ. ಆಕೆ ಹುಟ್ಟಿದ್ದು ಅದರ ಮುಂದಿನ ಚಳಿಗಾಲ. ಅದೇ ಪುಸ್ತಕದಲ್ಲಿ ಮುಂದಕ್ಕೆ ಹೋದಂತೆ 1847ರ ಪುಟಗಳು ತೆಳುವಾಗುತ್ತವೆ, ಒಂದು ವಾರಕ್ಕೆ ಆರೇಳು ಇದ್ದ ಮಕ್ಕಳು ಒಂದೆರಡಾಗುತ್ತವೆ. 1841ರಲ್ಲಿ ಸುಮಾರು 82 ಲಕ್ಷವಿದ್ದ ದೇಶದ ಜನಸಂಖ್ಯೆ 1851ಕ್ಕೆ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಹಸಿವಿನಲ್ಲಿ ಹುಟ್ಟಿ ಬದುಕುಳಿದ ಮಗುವಿಗೆ ಮನೆಯವರು ಗಾಳಿಯ ಕಥೆಯನ್ನು ಉಳಿಸಿಕೊಟ್ಟಿದ್ದರು. ಬರಗಾಲದ ಬಗ್ಗೆ ಅತ್ತೆ ತಮ್ಮ ಅಜ್ಜಿಯ ಬಾಯಿಂದ ಒಂದು ಮಾತನ್ನೂ ಕೇಳಿಲ್ಲವಂತೆ.

ವಯಸ್ಸಿನ ವಿಷಯದಲ್ಲಿ ಮುತ್ತಜ್ಜಿ ಒಬ್ಬಳೇ ಅಲ್ಲ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಬಾಗಿಲು ತೆರೆದಾಗ ಮೊದಲು ಒಳಗೆ ಹೋದ ಕಾರ್ಕ್ ಕೌಂಟಿಯ ಹುಡುಗಿ ಆನಿ ಮೂರ್‌ಗೆ ಅಂದೇ 15 ತುಂಬಿತೆಂದು ಪ್ರಚಾರವಾಯಿತು; ಆಕೆಗೆ ಆಗ 17. ಮುಂದೆ ಟೆಕ್ಸಸ್‌ನಲ್ಲಿ ತೀರಿಕೊಂಡ ಬೇರೊಬ್ಬ ಆನಿಯನ್ನೇ ಆಕೆಯೆಂದು ದಶಕಗಳ ಕಾಲ ನಂಬಿದ್ದರು. ಆ ಇನ್ನೊಬ್ಬಳು ಅಮೆರಿಕದಲ್ಲೇ ಹುಟ್ಟಿದವಳು, ನಿಜವಾದ ಆನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ ಎಂಬುದು ದಾಖಲೆಗಳಿಂದ ಹೊರಬಿದ್ದದ್ದು 2006ರಲ್ಲಿ.

ನನಗಿದ್ದ ಅಳುಕು ಇದನ್ನು ಅತ್ತೆಗೆ ಹೇಳುವುದು ಹೇಗೆಂಬುದು. ಇಲ್ಲಿ ಜನವರಿ 6ನ್ನು ಹೆಂಗಸರ ಕ್ರಿಸ್‌ಮಸ್ ಎಂದು ಆಚರಿಸುತ್ತಾರೆ. ಅಂದು ಹೆಂಗಸರು ಅಡುಗೆಮನೆಗೆ ರಜೆ ಕೊಟ್ಟು ಒಟ್ಟಿಗೆ ಕುಳಿತು ಚಹಾ ಕುಡಿಯುತ್ತಾರೆ. ಆ ಸಂಜೆ ಮುದ್ರಿಸಿದ ಹಾಳೆಗಳನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪ್ಯಾರಿಷ್ ಪುಸ್ತಕದ ಸಾಲನ್ನು ಬೆರಳಿನಿಂದ ಹಿಡಿದು ಓದಿದರು, ಎರಡು ಜನಗಣತಿಗಳನ್ನು ಪಕ್ಕಪಕ್ಕ ಇಟ್ಟರು, ಏನೂ ಹೇಳದೆ ಚಹಾ ಮುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮಗಳು ಬಂದು ತೊಡೆಯೇರಿ ಕಥೆ ಕೇಳಿದಾಗ ಅವರು ಎಂದಿನ ಧ್ವನಿಯಲ್ಲೇ ಶುರು ಮಾಡಿದರು: "ನನ್ನ ಮುತ್ತಜ್ಜಿ ದೊಡ್ಡ ಗಾಳಿಯ ರಾತ್ರಿ ಹುಟ್ಟಿದವಳು, ಚಾವಣಿ ಹಾರಿಹೋಗಿತ್ತು." ಆಮೇಲೆ ಕನ್ನಡಕದ ಮೇಲಿನಿಂದ ನನ್ನತ್ತ ನೋಡಿ ಸೇರಿಸಿದರು: "ಹಾಗೆಂದು ಪಿಂಚಣಿ ಅಧಿಕಾರಿಗೆ ಹೇಳಿದಳು. ಅವನು ನಂಬಿದ."